ಹೆಣ ಇಳಿಸುವ ಜಾಗ

ಎಂಟು ನಲವತ್ತಕ್ಕೆ ಸರ್ವೆಯರನ ಫೋನ್ ಬಂದಾಗ ಜ್ಯೋತಿಲಕ್ಷ್ಮಿ ತಾಯಿಯ ಪಾದಗಳಿಗೆ ಅರಿಸಿನ ಹಚ್ಚುತ್ತಿದ್ದಳು. ಮುನಿಕೃಷ್ಣಮ್ಮನ ಉಸಿರು ನಿಂತದ್ದು ಬೆಳಗಿನ ಜಾವ ನಾಲ್ಕು ಐವತ್ತಕ್ಕೆ. ಐದಕ್ಕೆ ಸೋದರಮಾವ ಮುನಿಶಾಮಪ್ಪನಿಗೆ ತಿಳಿಸಿದ್ದಾಯಿತು. ಊರಿಗೆ ಗೊತ್ತಾದದ್ದು ಏಳರ ನಂತರ. ತಾಯಿಯ ಅರ್ಜಿಯ ಮೇಲೆ ಮುಂದಿನ ಶುಕ್ರವಾರಕ್ಕೆ ನಿಗದಿಯಾಗಿದ್ದ ಊರ ಗುಂಡುತೋಪಿನ ಅಳತೆ ಇವತ್ತೇ ಹನ್ನೊಂದಕ್ಕೆ ನಡೆಯುತ್ತದೆ ಎಂದು ಸರ್ವೆಯರ್ ಹೇಳಿದ. ಬೆಳಿಗ್ಗೆ ಆರಕ್ಕೇ ಮೇಲಿನವರ ಸೂಚನೆ ಬಂದಿತ್ತಂತೆ. ಅರ್ಜಿದಾರರು ಹಾಜರಾಗದಿದ್ದರೆ ಕಡತ ಮುಕ್ತಾಯ.

ಐದರಿಂದ ಆರರ ನಡುವೆ ಸಾವಿನ ಸುದ್ದಿ ತಿಳಿದಿದ್ದವರು ಮೂವರು. ಅವಳು ತಾಯಿಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಣ್ಣ ಸುಬ್ರಮಣಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದ. ಉಳಿದವನು ಮಾವ. ಅವನು ಹೊಸ ಬಡಾವಣೆಯವರ ಕಚೇರಿಯಲ್ಲಿ ಗಿರಾಕಿಗಳಿಗೆ ಸೈಟು ತೋರಿಸುವ ಕೆಲಸದಲ್ಲಿದ್ದ. ತೋಪಿನ ಸುತ್ತ ತಗಡಿನ ಬೇಲಿ ಬಿಗಿದವರೂ ಅದೇ ಬಡಾವಣೆಯವರು.

ಶಾಮಿಯಾನದ ಕೆಳಗೆ ಮಾವ, ಯಶವಂತಪುರದ ನೆಂಟರು ಬಂದ ಮೇಲೆ, ಒಂದು ಗಂಟೆಗೆ ಎತ್ತುವುದು ಎಂದು ಎಲ್ಲರಿಗೂ ಹೇಳುತ್ತಿದ್ದ. ಜ್ಯೋತಿಲಕ್ಷ್ಮಿ ಅರಿಸಿನದ ಕೈಯಲ್ಲೇ ಅಣ್ಣನ ಬಳಿಗೆ ಬಂದಳು.

"ಹತ್ತೂವರೆಗೆ ಎತ್ಬೇಕಣ್ಣ. ಹನ್ನೊಂದಕ್ಕೆ ತೋಪು ಅಳೀತಾರಂತೆ."

"ಮಾವ ಒಂದು ಗಂಟೆ ಅಂದ್ರಲ್ಲೇ."

"ಬೆಳಿಗ್ಗೆ ಐದು ಗಂಟೆ ಮೇಲೆ ಯಾರಿಗೆ ಫೋನ್ ಮಾಡಿದ್ರು ಅಂತ ಮಾವನ್ನೇ ಕೇಳು."

ಸುಬ್ರಮಣಿ ಮಾವನ ಕಡೆ ನೋಡಿದ. ಮಾವ ಹೆಗಲ ಟವೆಲ್ ಸರಿಮಾಡಿಕೊಂಡು ಬೀದಿಯ ಕಡೆ ತಿರುಗಿದ. ಸುಬ್ರಮಣಿ ಎದ್ದುಹೋಗಿ ತಮಟೆಯವರಿಗೆ ಸಮಯ ಹೇಳಿ ಬಂದ.

*

ರಾಜಾನುಕುಂಟೆಯ ಆಚೆಗಿನ ಈ ಊರಿನಲ್ಲಿ ಹೆಣ ನೇರವಾಗಿ ಸ್ಮಶಾನಕ್ಕೆ ಹೋಗುವುದಿಲ್ಲ. ಅರ್ಧ ದಾರಿಯಲ್ಲಿ, ಗುಂಡುತೋಪಿನ ಹುಣಸೆಮರಗಳ ಕೆಳಗೆ ಚಟ್ಟ ಇಳಿಸಿ, ದಿಕ್ಕು ತಿರುಗಿಸಿ ಮತ್ತೆ ಎತ್ತುತ್ತಾರೆ. ಹೆಂಗಸರು ಅಲ್ಲಿಂದ ಹಿಂದಿರುಗುತ್ತಾರೆ.

ಮುನಿಕೃಷ್ಣಮ್ಮ ಇಪ್ಪತ್ತಾರು ವರ್ಷ ಅಂಗನವಾಡಿಯ ಸಹಾಯಕಿಯಾಗಿದ್ದಳು. ಮಕ್ಕಳಿಗೆ ಮಧ್ಯಾಹ್ನದ ಊಟ ಅದೇ ನೆರಳಿನಲ್ಲಿ. ತಮಟೆ ಕೇಳಿಸಿದರೆ ಮಕ್ಕಳನ್ನು ಆಚೆ ಕಡೆ ತಿರುಗಿಸಿ ಕೂರಿಸಿ, ಗಟ್ಟಿಯಾಗಿ ಪದ ಹೇಳಿಸುತ್ತಿದ್ದಳು.

ತಗಡು ಬಂದದ್ದು ಎರಡು ಸಾವಿರದ ಹದಿನೈದರಲ್ಲಿ. ಆಮೇಲೆ ಮೊದಲು ಸತ್ತವನು ಗೋಪಾಲಮ್ಮನ ಗಂಡ. ಗೇಟಿಗೆ ಬೀಗ ಬಿದ್ದಿತ್ತು. ಚಟ್ಟವನ್ನು ಡಾಂಬರು ರಸ್ತೆಯ ಮೇಲೆ ಇಳಿಸಬೇಕಾಯಿತು. ಹಿಂದೆ ನಿಂತ ನೀರಿನ ಟ್ಯಾಂಕರಿನವನು ಹಾರನ್ ಒತ್ತಿದ ಕೈ ತೆಗೆಯಲಿಲ್ಲ. ದಿಕ್ಕು ತಿರುಗಿಸಿ ಮುಗಿಯುವವರೆಗೆ ಮುನಿಕೃಷ್ಣಮ್ಮ ಟ್ಯಾಂಕರಿನ ಮೂತಿಗೆ ಅಂಗೈ ಒತ್ತಿ ನಿಂತಿದ್ದಳು.

ಮರುದಿನ ಅಂಗನವಾಡಿಯ ಇಂಕ್ ಪ್ಯಾಡ್ ಹಿಡಿದು ಮನೆಮನೆಗೆ ಹೋದಳು. ತೋಪು ಅಳೆದು ಬಿಡಿಸಿಕೊಡಿ ಎಂಬ ಹತ್ತೊಂಬತ್ತು ಹೆಸರಿನ ಅರ್ಜಿ ಸಿದ್ಧವಾಯಿತು. ಅಲ್ಲಿಂದ ಮೂರು ವರ್ಷ, ಪ್ರತಿ ಮಂಗಳವಾರ ಎರಡು ಬಸ್ಸು ಬದಲಿಸಿ ತಾಲ್ಲೂಕು ಕಚೇರಿಗೆ ಹೋದಳು. ನಾಳೆ ಬನ್ನಿ ಎಂದ ಗುಮಾಸ್ತನಿಗೆ ಅವಳ ಉತ್ತರ ಯಾವಾಗಲೂ ಒಂದೇ: "ಯಾವ ತಾರೀಕು, ಏಳಪ್ಪ."

*

ಹತ್ತು ಐವತ್ತೈದಕ್ಕೆ ಮೆರವಣಿಗೆ ತೋಪಿನ ಬಳಿ ಬಂತು. ಅಳತೆಯವರಿಗಾಗಿ ಗೇಟು ತೆರೆದಿತ್ತು. ಮಾವ ಓಡಿಬಂದು ಚಟ್ಟ ಹೊತ್ತವರಿಗೆ ಅಡ್ಡ ನಿಂತ.

"ಒಳಿಕ್ ಬ್ಯಾಡ, ರೋಡಲ್ಲೇ ಇಳುಸ್ರಪ್ಪ. ಸುಮ್ನೆ ತಕರಾರು ಯಾಕೆ?"

ಹೊತ್ತವರ ಹೆಜ್ಜೆ ತಡೆಯಿತು. ಗೋಪಾಲಮ್ಮ ಹಿಂದಿನಿಂದ ನುಗ್ಗಿಬಂದಳು.

"ನನ್ ಗಂಡನ್ನ ರೋಡಲ್ಲಿ ಮಲಗುಸ್ದೆ. ಇವಳ್ನ ಮಲಗ್ಸಕ್ ಬಿಡಲ್ಲ. ನಡೀರ್ಲಾ ಒಳಿಕ್ಕೆ."

ಚಟ್ಟ ಹುಣಸೆಮರದ ಕೆಳಗೆ ಇಳಿಯಿತು. ಸರ್ವೆಯರ್ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ನಿಂತ. ಚಿಕ್ಕ ವಯಸ್ಸಿನವನು; ಚಪ್ಪಲಿ ಕಳಚಿ ಕೈಮುಗಿದ. ಅರ್ಜಿದಾರರೇ ತೀರಿಕೊಂಡಿರುವುದರಿಂದ ಗೈರುಹಾಜರಿ ಎಂದು ಬರೆದು ಹೊರಡುವುದಾಗಿ ಹೇಳಿದ.

ಜ್ಯೋತಿಲಕ್ಷ್ಮಿ ಚಟ್ಟದ ಪಕ್ಕ ನೆಲದ ಮೇಲೆ ಕೂತಳು.

"ಅರ್ಜೀಲಿ ಹತ್ತೊಂಬತ್ತು ಹೆಸರಿದೆ ಸಾರ್. ನಮ್ಮಮ್ಮಂದು ಮೊದಲನೇದು, ಅಷ್ಟೆ. ಉಳಿದವರು ಇಲ್ಲೇ ನಿಂತಿದಾರೆ, ಕೂಗಿ ನೋಡಿ. ಅಳತೆ ಆಗೋವರೆಗೂ ಅಮ್ಮನ್ನ ಇಲ್ಲಿಂದ ಎತ್ತಲ್ಲ."

ಸರ್ವೆಯರ್ ಎರಡು ಸಲ ಯಾರಿಗೋ ಫೋನ್ ಹಚ್ಚಿದ. ಅತ್ತ ಕಡೆಯಿಂದ ಉತ್ತರವಿಲ್ಲ. ಹೆಣದ ಮುಖಕ್ಕೆ ನೊಣ ಮುತ್ತತೊಡಗಿತು. ಸುಬ್ರಮಣಿ ಟವೆಲ್ಲಿನಿಂದ ಬೀಸುತ್ತ ನಿಂತ. ಕಣ್ಣು ಮಾತ್ರ ಸರ್ವೆಯರನ ಮೇಲಿತ್ತು. ಕೊನೆಗೆ ಸರ್ವೆಯರ್ ಕಡತ ಬಿಚ್ಚಿ ಹೆಸರು ಓದಿದ. ಗೋಪಾಲಮ್ಮ ಇದೀನಿ ಎಂದಳು. ಜಿಯಾವುಲ್ಲಾ ಹೂವಿನ ಹಾರ ಹಿಡಿದ ಕೈಯನ್ನೇ ಎತ್ತಿದ. ಒಬ್ಬೊಬ್ಬರಾಗಿ ಮುಂದೆ ಬಂದು ಚಟ್ಟದ ಸುತ್ತ ನಿಂತರು.

"ಹನ್ನೊಂದು. ಮುನಿಶಾಮಪ್ಪ."

ತಮಟೆ ಕಾಯಿಸುತ್ತಿದ್ದವರೂ ತಲೆ ಎತ್ತಿದರು. ಬಡಾವಣೆಯ ಕಚೇರಿ ಸೇರುವ ಮುಂಚೆ ಅವನೂ ಅಕ್ಕನ ಜಗಲಿಯ ಮೇಲೆ ಕೂತು ಸಹಿ ಹಾಕಿದ್ದ. ಸರ್ವೆಯರ್ ಮತ್ತೊಮ್ಮೆ ಓದಿದ.

"ಹೇಳಿ ಮಾವ," ಎಂದಳು ಜ್ಯೋತಿಲಕ್ಷ್ಮಿ. "ಇದೀರಾ, ಇಲ್ವಾ?"

ಮಾವ ಬಗ್ಗಿ, ಅವಳೊಬ್ಬಳಿಗೇ ಕೇಳುವಂತೆ ಹೇಳಿದ: "ಮನೇಲಿ ಮಾತಾಡಾನ ಕಣಮ್ಮ."

"ಬರ್ಕೊಳಪ್ಪ," ಎಂದಳು ಗೋಪಾಲಮ್ಮ, ಸರ್ವೆಯರನಿಗೆ. "ಅವನಿಲ್ಲ."

ಉಳಿದ ಎಂಟು ಹೆಸರುಗಳನ್ನೂ ಓದಿ, ಚೈನು ಬಿಚ್ಚಿ ಅಳೆದದ್ದಾಯಿತು. ಹನ್ನೆರಡು ಮುಕ್ಕಾಲಿಗೆ ಮಹಜರು ಬರೆಯಲಾಯಿತು. ಅರ್ಜಿದಾರರು ಹತ್ತೊಂಬತ್ತು: ಹಾಜರು ಹದಿನೇಳು, ಗೈರು ಒಬ್ಬರು, ಮೃತರು ಒಬ್ಬರು. ತಗಡಿನ ಬೇಲಿಯೊಳಗೆ ಸೇರಿರುವ ಸರ್ಕಾರಿ ಗುಂಡುತೋಪಿನ ಜಮೀನು ಹದಿನೆಂಟು ಗುಂಟೆ.