ಕಾಗದದ ಚಿಕ್ಕಪ್ಪ

"ಇನ್ನೂ ಸ್ವಲ್ಪ ಸತ್ತ ಹಾಗೆ ಕಾಣ್ಬೇಕು ಕಣ್ರೀ. ಈಗ ನೋಡಿದ್ರೆ ಊಟ ಮಾಡಿ ಅಡ್ಡಾದ ಹಾಗಿದೆ," ಎಂದರು ಬಾಸ್.

ಡಿಸೈನರ್ ಚಿಮುಟ ಹಿಡಿದು, ಬಿಳಿ ಮೇಜಿನ ಮೇಲೆ ಅಂಗಾತ ಮಲಗಿದ್ದ ಕಾಗದದ ಇಲಿಯ ಹಿಂಗಾಲನ್ನು ಒಂದಿಷ್ಟು ಮೇಲೆತ್ತಿದ. ಗೇಣುದ್ದವೂ ಇಲ್ಲದ ಇಲಿ. ದಪ್ಪ ಕಂದು ರಟ್ಟಿನ ಮೈ, ಸುರುಳಿ ಸುತ್ತಿದ ಬಾಲ, ಮೈಮೇಲೆ ತೋಳಿಲ್ಲದ ನೀಲಿ ಕೋಟು. ಕೋಟಿಗೆ ಮೂರು ಗುಂಡಿ. ಎರಡು ನೆಟ್ಟಗಿದ್ದವು, ಮೂರನೆಯದು ಜಾರಿ ಹೊಟ್ಟೆಯ ಪಕ್ಕಕ್ಕೆ ಹೋಗಿತ್ತು. ಕಾಲು ಮೇಲೆತ್ತಿದ್ದೇ ತಡ, ಇಲಿ ಪೂರ್ತಿ ಸತ್ತಿತು.

"ಹಾಂ, ಈಗ ಸರಿಯಾಯ್ತು! ಕಣ್ಣಿಗೊಂದು ಇಂಟು ಮಾರ್ಕು ಹಾಕ್ಬಿಡಿ," ಎಂದು ಬಾಸ್ ಅವನ ಬೆನ್ನು ತಟ್ಟಿದರು. ಬಾಸ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಮನಸ್ಸಿನಲ್ಲೇ ನಾಲ್ಕು ಬೈದುಕೊಂಡು ಹಗುರಾಗಬಹುದಿತ್ತು. ಯಾರ ಹುಟ್ಟುಹಬ್ಬವನ್ನೂ ಮರೆಯದ, ಯಾರಿಗೂ ಗದರದ ಮನುಷ್ಯ. ಇಂಥವರ ಕೈಕೆಳಗೆ ಸಿಕ್ಕಿಬಿದ್ದವನಿಗೆ ಸಿಟ್ಟು ಮಾಡಿಕೊಳ್ಳುವ ಭಾಗ್ಯವೂ ಇರುವುದಿಲ್ಲ. ಡಿಸೈನರ್ ಕಪ್ಪು ಪೆನ್ನಿನ ಮುಚ್ಚಳ ತೆಗೆದು, ಒಂದೊಂದು ಕಣ್ಣಿಗೂ ಎರಡೆರಡು ಗೆರೆ ಎಳೆದ. ಗೆರೆಗಳು ನೆಟ್ಟಗೆ ಬಂದವು. ಹದಿನಾರು ವರ್ಷ ಕಸುಬು ಮಾಡಿದ ಕೈ, ಅದಕ್ಕೇನು ಗೊತ್ತು.

ಆ ಇಲಿ ಅವನ ಮಗಳ ಚಿಕ್ಕಪ್ಪ.

ಹೀಗೆಂದರೆ ನಗು ಬರಬಹುದು. ಆದರೆ ಎರಡನೇ ಕ್ಲಾಸಿನ ಮಗುವಿಗೆ ಇದು ನಗುವ ಮಾತಾಗಿರಲಿಲ್ಲ. ಶಾಲೆಯಲ್ಲಿ ಟೀಚರು 'ನನ್ನ ಬಂಧುಗಳು' ಎಂದು ಬರೆದುಕೊಂಡು ಬರಲು ಹೇಳಿದ್ದರು. ಪಕ್ಕದ ಹುಡುಗಿಗೆ ಮೂವರು ಚಿಕ್ಕಪ್ಪಂದಿರು, ಹಿಂದಿನ ಬೆಂಚಿನವಳಿಗೆ ಇಬ್ಬರು. ಇವಳಿಗೆ ಮಾತ್ರ ಆ ಸಾಲು ಖಾಲಿ. ಅಪ್ಪ ಒಬ್ಬನೇ ಮಗ. ಅಮ್ಮನಿಗಿರುವುದು ಅಕ್ಕಂದಿರು. "ಅಪ್ಪ, ನಂಗೊಬ್ಬ ಚಿಕ್ಕಪ್ಪನ್ನ ಮಾಡ್ಕೊಡು," ಎಂದಳು. ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಪ್ಪ ಇದುವರೆಗೆ ಕೇಳಿದ್ದನ್ನೆಲ್ಲ ಮಾಡಿಕೊಟ್ಟಿದ್ದ.

ವಾರವಿಡೀ ಕಂಪ್ಯೂಟರಿನ ಪರದೆಯ ಮೇಲೆ ಅಕ್ಷರಗಳನ್ನು ಕೂದಲೆಳೆಯಷ್ಟು ಅತ್ತ ಇತ್ತ ಸರಿಸಿ ಬೇಸತ್ತವನಿಗೆ ಭಾನುವಾರವಾದರೆ ಕೈಗೊಂದು ನಿಜವಾದ ವಸ್ತು ಬೇಕು. ಪ್ರೆಸ್ಸಿನಲ್ಲಿ ಉಳಿದ ರಟ್ಟು, ತಪ್ಪಿ ಅಚ್ಚಾದ ಹಾಳೆ, ಬಣ್ಣದ ಸ್ಯಾಂಪಲ್ ಕಾರ್ಡು, ಎಲ್ಲವೂ ಚೀಲ ತುಂಬಿ ಮನೆಗೆ ಬರುತ್ತಿದ್ದವು. ಊಟದ ಮೇಜಿನ ಮೇಲೆ ಬ್ಲೇಡು, ಗೋಂದು, ಸ್ಕೇಲು ಹರಡಿಕೊಂಡು ಕೂತನೆಂದರೆ ಸಂಜೆಯೊಳಗೆ ದೀಪಸ್ತಂಭವೋ, ಡ್ರಾಯರ್ ಎಳೆದರೆ ಬರುವ ಬೀರುವೋ, ತುಪ್ಪಳದ ಬದಲು ಸೀಳಿದ ಕಾಗದ ಹೊದ್ದ ಕರಡಿಯೋ ಸಿದ್ಧ. "ನಮಗೆ ಕೂರೋಕೆ ಜಾಗ ಇಲ್ಲ, ಇವರು ಕಾಗದದ ಊರಿಗೆ ರಸ್ತೆ ಅಗಲ ಮಾಡ್ತಿದಾರೆ," ಎಂದು ಹೆಂಡತಿ ಗೊಣಗುತ್ತಿದ್ದಳು. ಗೊಣಗುತ್ತಲೇ ಆ ಊರಿನ ಧೂಳನ್ನು ಹಳೆಯ ಕುಂಚದಲ್ಲಿ ಒರೆಸುತ್ತಿದ್ದವಳೂ ಅವಳೇ.

"ಚಿಕ್ಕಪ್ಪ ಇಲಿ ಆಗಿರ್ಲಿ. ಕಮ್ಮಿ ಜಾಗ ಸಾಕು," ಎಂದು ಮಗಳೇ ತೀರ್ಮಾನ ಮಾಡಿದಳು. ಕೋಟಿನ ಗುಂಡಿಗಳನ್ನು ತಾನೇ ಬರೆಯುತ್ತೇನೆಂದು ಹಟ ಹಿಡಿದಳು. ಮೂರನೆಯ ಗುಂಡಿಗೆ ಪೆನ್ನು ಜಾರಿತು. ಅಳು ಬರುವ ಮೊದಲೇ ಅಪ್ಪ, "ಚಿಕ್ಕಪ್ಪಂಗೆ ಹೊಟ್ಟೆ ಬಂದಿದೆ ಪುಟ್ಟಿ, ಅದಕ್ಕೇ ಗುಂಡಿ ಆಕಡೆ ಹೋಗಿದೆ," ಎಂದು ಪರಿಸ್ಥಿತಿ ಸಂಭಾಳಿಸಿದ. ಅಂದಿನಿಂದ ಚಿಕ್ಕಪ್ಪ ಪುಸ್ತಕದ ಕಪಾಟಿನ ಎರಡನೇ ಅಂತಸ್ತಿನಲ್ಲಿ ಬಿಡಾರ ಹೂಡಿದ. ಅವನಿಗೆ ಸೌತೆಕಾಯಿ ಸೇರುವುದಿಲ್ಲ, ಲಿಫ್ಟ್ ಎಂದರೆ ಭಯ, ನಿದ್ದೆಯಲ್ಲಿ ಗೊರಕೆ. ಸಂಜೆ ಅಪ್ಪ ಚಪ್ಪಲಿ ಬಿಡುವಷ್ಟರಲ್ಲಿ ಚಿಕ್ಕಪ್ಪನ ದಿನಚರಿಯೆಲ್ಲ ಒಪ್ಪಿಸಿಯಾಗುತ್ತಿತ್ತು.

ತಪ್ಪು ನಡೆದದ್ದು ಚಿಕ್ಕಮ್ಮನ ದೆಸೆಯಿಂದ. ಚಿಕ್ಕಪ್ಪನಿಗೆ ಮದುವೆ ಮಾಡಬೇಕೆಂದಳು ಮಗಳು. ಹೆಣ್ಣು ಅಳತೆಯಲ್ಲಿ ಸರಿಸಮ ಇರಬೇಕಲ್ಲ? ಮೈಯ ಅಳತೆ, ಕೋಟಿನ ಅಳತೆ ನಿಖರವಾಗಿ ತೆಗೆಯಲು ಆಫೀಸಿನ ಸ್ಕ್ಯಾನರೇ ಆಗಬೇಕು. "ಒಂದು ದಿನ ಚಿಕ್ಕಪ್ಪ ನನ್ನ ಜೊತೆ ಆಫೀಸಿಗೆ ಬರಬಹುದಾ?" ಎಂದು ಅಪ್ಪ ಕೇಳಿದ. ಅವಳೇ ಅವನನ್ನು ಹತ್ತಿಯ ಮೇಲೆ ಮಲಗಿಸಿ, ತನ್ನ ತಿಂಡಿ ಡಬ್ಬಿಯಲ್ಲಿಟ್ಟು, ಉಸಿರಾಡಲೆಂದು ಮುಚ್ಚಳ ಓರೆ ಮಾಡಿ ಕಳಿಸಿಕೊಟ್ಟಳು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವನು ಕೋಟನ್ನು ಅಂಟು ಬಿಡಿಸಿ ಹರಡಿ ಸ್ಕ್ಯಾನ್ ಮಾಡಿದ, ಮತ್ತೆ ತೊಡಿಸಿದ, ಒಳ್ಳೆಯ ಬೆಳಕಿದೆಯಲ್ಲ ಎಂದು ನಾಲ್ಕು ಫೋಟೋ ತೆಗೆದ. ಆಮೇಲೆ ಕಸುಬಿನ ಚಾಳಿಯಂತೆ 'ಚಿಕ್ಕಪ್ಪ ಫೈನಲ್', 'ಚಿಕ್ಕಪ್ಪ ಫೈನಲ್ ೨', 'ಚಿಕ್ಕಪ್ಪ ನಿಜವಾಗ್ಲೂ ಫೈನಲ್' ಎಂದು ಹೆಸರಿಟ್ಟು ಉಳಿಸಿದ. ಉಳಿಸಿದ್ದು ಎಲ್ಲರೂ ತೆರೆಯಬಹುದಾದ ಫೋಲ್ಡರಿನಲ್ಲಿ. ಮನೆಗೆ ಒಂದು ಪ್ರತಿ ಒಯ್ದ, ಅಲ್ಲಿದ್ದದ್ದನ್ನು ಅಳಿಸಲು ಮರೆತ.

ಆಗ ಆಫೀಸಿನಲ್ಲಿ ಇಲಿ ಪಾಷಾಣದ ಒಂದು ಕಂಪನಿಯವರು ಪ್ಯಾಕೆಟ್ಟಿನ ಚಿತ್ರಕ್ಕಾಗಿ ಜೀವ ತಿನ್ನುತ್ತಿದ್ದರು. ಹನ್ನೊಂದು ಚಿತ್ರ ತಿರಸ್ಕರಿಸಿದ್ದರು. "ಹೆಂಗಸರು ಮಕ್ಕಳು ನೋಡಿದ್ರೆ ಹೆದರಬಾರದು, ಆದ್ರೆ ಇಲಿ ಸಾಯತ್ತೆ ಅಂತ ಗೊತ್ತಾಗಬೇಕು," ಎಂಬುದು ಅವರ ಬೇಡಿಕೆ. ಹನ್ನೆರಡನೆಯ ಸಭೆಯ ದಿನ ಬಾಸ್ ಆ ಫೋಲ್ಡರಿನಲ್ಲಿ ಕೈಯಾಡಿಸಿದ್ದಾರೆ. ಡಿಸೈನರ್ ಚಹಾದ ಲೋಟ ಹಿಡಿದು ಮೇಜಿನ ಕೊನೆಯಲ್ಲಿ ಕೂತಿದ್ದ. ಎದುರಿನ ಗೋಡೆಯ ಮೇಲೆ ಆಳೆತ್ತರದ ಚಿಕ್ಕಪ್ಪ ಬಂದು ನಿಂತ. ಕಂಪನಿಯವರು ಚಪ್ಪಾಳೆ ತಟ್ಟಿದರು.

"ಸರ್, ಅದು... ಅದು ನಮ್ಮ ಮಗಳದ್ದು," ಎಂದ ಸಭೆ ಮುಗಿದ ಮೇಲೆ.

"ಹೌದಾ? ಇನ್ನೂ ಒಳ್ಳೇದಾಯ್ತಲ್ರೀ! ಊರೆಲ್ಲ ನೋಡತ್ತೆ ಅವಳ ಇಲೀನ," ಎಂದರು ಬಾಸ್, ನಿಜಕ್ಕೂ ಸಂತೋಷಪಟ್ಟು.

ನೌಕರರ ವ್ಯವಹಾರ ನೋಡುವ ಮೇಡಂ ಬಳಿ ಹೋದ. ಅವರು ಕುರ್ಚಿ ಕೊಟ್ಟು ಕೂರಿಸಿ, ಕೆಲಸಕ್ಕೆ ಸೇರಿದ ದಿನ ಅವನೇ ಸಹಿ ಹಾಕಿದ್ದ ಕಾಗದ ತೆಗೆದು ತೋರಿಸಿದರು. ಆಫೀಸಿನ ಸಮಯದಲ್ಲಿ, ಆಫೀಸಿನ ಯಂತ್ರದಲ್ಲಿ ತಯಾರಾದದ್ದೆಲ್ಲ ಆಫೀಸಿನ ಸ್ವತ್ತು. "ಸಹಿ ನಿಮ್ಮದೇ ತಾನೆ?" ಎಂದು ಮೆತ್ತಗೆ ಕೇಳಿದರು. ಅವನದೇ. ಚೆನ್ನಾಗಿಯೂ ಇತ್ತು, ಡಿಸೈನರನ ಸಹಿ.

ಆಮೇಲೆ ಅವನು ಮಾಡಿದ್ದೆಲ್ಲ ಕಳ್ಳಾಟ. ಕೋಟನ್ನು ಕೆಂಪು ಮಾಡಿದ. ನೀಲಿಯೇ ಇರಲಿ ಎಂದರು. ಕಿವಿ ಚೂಪು ಮಾಡಿದ; ಗುಂಡಗಿದ್ದರೇ ಚೆಂದ ಎಂದರು. ಕೊನೆಗೆ ಮೂರನೆಯ ಗುಂಡಿಯನ್ನು ಮೆಲ್ಲಗೆ ನೆಟ್ಟಗೆ ಕೂರಿಸಿದ. ಕಂಪನಿಯವರು ಹೌಹಾರಿಬಿಟ್ಟರು. "ಅಯ್ಯೋ, ಆ ಗುಂಡಿ ಮುಟ್ಟಬೇಡಿ! ಅದು ಜಾರಿರೋದರಲ್ಲೇ ಇರೋದು ಎಲ್ಲಾ. ಕೈಯಲ್ಲಿ ಮಾಡಿದ್ದು ಅಂತ ಗೊತ್ತಾಗತ್ತೆ." ಹಾಗಾಗಿ ಮಗಳ ಗುಂಡಿಯನ್ನೇ ಸ್ಕ್ಯಾನಿನಿಂದ ಎತ್ತಿ, ಅಚ್ಚು ಹಾಕಿ, ಕತ್ತರಿಸಿ, ಪ್ಯಾಕೆಟ್ಟಿನ ಫೋಟೋಕ್ಕೆಂದು ಆಫೀಸಿನಲ್ಲಿ ಮಾಡಿದ ಹೊಸ ಇಲಿಯ ಹೊಟ್ಟೆಗೆ ಅಂಟಿಸಬೇಕಾಯಿತು. ಕೆಲಸ ಬಿಟ್ಟುಬಿಡುತ್ತೇನೆ ಎಂದು ಒಂದು ಸಂಜೆ ಬಸ್ಸಿನಲ್ಲಿ ನಿಶ್ಚಯ ಮಾಡಿದ್ದುಂಟು. ಆದರೆ ಆ ಧೈರ್ಯ ಅವನಿಗಿಂತ ಎರಡು ಸ್ಟಾಪು ಮೊದಲೇ ಇಳಿದು ಹೋಗಿತ್ತು.

"ನೀವೇ ಹೇಳ್ಬಿಡಿ ಅವಳಿಗೆ," ಎಂದಳು ಹೆಂಡತಿ. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಚುಚ್ಚುವುದನ್ನು ತಡ ಮಾಡಿದಷ್ಟೂ ನೋವು ಹೆಚ್ಚೆಂದು ಬಲ್ಲವಳು. "ಅಂಗಡೀಲಿ ನೋಡೋದಕ್ಕಿಂತ ನಿಮ್ಮ ಬಾಯಿಂದ ಕೇಳೋದು ವಾಸಿ ರೀ."

"ಭಾನುವಾರ ಹೇಳ್ತೀನಿ."

ಭಾನುವಾರ ಬಂತು. ಮೇಜಿನ ಮೇಲೆ ಚಿಕ್ಕಮ್ಮನ ಅರ್ಧ ಮೈ ಸಿದ್ಧವಾಗಿತ್ತು. ಮಗಳು ಗಲ್ಲಕ್ಕೆ ಕೈಯೂರಿ ನೋಡುತ್ತಿದ್ದಳು. ಅವನು ಬ್ಲೇಡು ಕೆಳಗಿಟ್ಟ.

"ಪುಟ್ಟೀ, ಚಿಕ್ಕಪ್ಪ ಆವತ್ತು ಆಫೀಸಿಗೆ ಬಂದಿದ್ರಲ್ಲ..."

"ಹೂಂ! ಅವರಿಗೆ ತುಂಬಾ ಇಷ್ಟ ಆಯ್ತಂತೆ. ಎಲ್ಲರೂ ಮಾತಾಡಿಸಿದ್ರಂತೆ. ಇನ್ನೊಂದ್ಸಲ ಕರ್ಕೊಂಡು ಹೋಗ್ತೀಯಾ ಅಂತ ಕೇಳ್ತಿದಾರೆ."

ಅವನು ಅವಳ ಮುಖ ನೋಡಿದ. ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲೇ ಇತ್ತು. "ಗೋಂದು ಎಲ್ಲಿಟ್ಟೆ, ಕೊಡು," ಎಂದ. ಹಾಗೆಯೇ ಇನ್ನೂ ಮೂರು ಭಾನುವಾರ ಕಳೆದವು. ಚಿಕ್ಕಮ್ಮ ಮನೆ ತುಂಬಿದಳು, ಅವರಿಬ್ಬರಿಗೆ ಮಂಚ ಬಂತು, ಮಂಚಕ್ಕೆ ಸೊಳ್ಳೆಪರದೆ ಬಂತು. ಹೇಳಲಾಗದ ಮಾತಿಗೆ ಬದಲಾಗಿ ಅವನು ಸಾಮಾನು ಮಾಡುತ್ತಲೇ ಹೋದ. ಹೆಂಡತಿ ಮತ್ತೆ ಕೇಳಲಿಲ್ಲ. ಹೊಸ ಸಾಮಾನಿನ ಧೂಳನ್ನೂ ಒರೆಸಿಡುತ್ತಿದ್ದಳು, ಅದು ಕೇಳುವುದಕ್ಕಿಂತ ಕಷ್ಟವಾಗಿತ್ತು.

ಐದನೆಯ ವಾರ, ಶನಿವಾರ ಸಂಜೆ, ಅಪ್ಪ ಮಗಳು ಡ್ರಾಯಿಂಗ್ ಹಾಳೆ ಕೊಳ್ಳಲು ಬೀದಿಯ ಮೂಲೆಯ ಅಂಗಡಿಗೆ ಹೋದರು. ಪ್ಯಾಕೆಟ್ಟು ಪೇಟೆಗೆ ಬರಲು ಇನ್ನೂ ಹತ್ತು ದಿನವಿದೆ ಎಂದು ಅವನು ಲೆಕ್ಕ ಹಾಕಿದ್ದ. ಅಂಗಡಿಯವನು ಹಾಳೆ ಎಣಿಸುತ್ತಿದ್ದಾಗ ಮಗಳು ಅಂಗಿಯ ಚುಂಗು ಎಳೆದಳು. ಬಾಗಿಲ ಪಕ್ಕದಲ್ಲಿ, ಸರಿಯಾಗಿ ಅವಳ ಕಣ್ಣಿನ ಮಟ್ಟಕ್ಕೆ, ಪ್ಯಾಕೆಟ್ಟುಗಳ ಸರ ನೇತಾಡುತ್ತಿತ್ತು. ಒಂದರ ಕೆಳಗೊಂದು ಹನ್ನೆರಡು ಚಿಕ್ಕಪ್ಪಂದಿರು, ಎಲ್ಲರೂ ಅಂಗಾತ, ಎಲ್ಲರ ಕಾಲೂ ಮೇಲಕ್ಕೆ.

"ನಮ್ಮ ಚಿಕ್ಕಪ್ಪ," ಎಂದಳು.

ಅಂಗಡಿಯವನು ಬಗ್ಗಿ ನೋಡಿ ನಕ್ಕ. "ನಿಮ್ಮ ಚಿಕ್ಕಪ್ಪನಾ? ಅಯ್ಯೋ ಪಾಪ, ಏನು ತಿಂದ್ಬಿಟ್ರು?" ಆಮೇಲೆ ಅಪ್ಪನ ಕಡೆ ತಿರುಗಿ, "ಮೊನ್ನೆ ತಾನೆ ಬಂತು ಸರ್. ಚಿತ್ರ ನೋಡಿಯೇ ಎತ್ಕೊಂಡು ಹೋಗ್ತಿದಾರೆ ಜನ," ಎಂದ.

ಮಗಳು ಅಪ್ಪನನ್ನೇ ನೋಡುತ್ತಿದ್ದಳು. "ಅಪ್ಪ, ಇವರು ಬೇರೆ ಅಲ್ವಾ? ಬೇರೆ ಯಾರೋ ಮಾಡಿದ್ದು ಅಲ್ವಾ?"

"ಹೂಂ ಪುಟ್ಟೀ. ಬೇರೆ ಯಾರೋ."

ಐದು ವಾರ ನಿಜ ಹೊರಬರದಿದ್ದ ಬಾಯಿಂದ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಅವನಿಗೇ ನಾಚಿಕೆಯಾಯಿತು. ಮಗಳು ಒಪ್ಪಿದವಳಂತೆ ತಲೆಯಾಡಿಸಿದಳು. ಆಮೇಲೆ ಸರದ ಹತ್ತಿರ ಹೋಗಿ, ಒಂದು ಪ್ಯಾಕೆಟ್ಟನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ತೋರುಬೆರಳನ್ನು ಮೂರನೆಯ ಗುಂಡಿಯ ಮೇಲಿಟ್ಟಳು.

"ಇದು ನಾನು ಬರ್ದಿದ್ದು," ಎಂದಳು. ದೂರುವ ದನಿಯಲ್ಲ. ಟೀಚರಿಗೆ ಕಳೆದುಹೋದ ಪೆನ್ಸಿಲಿನ ಗುರುತು ಹೇಳುವ ದನಿ.

ರಸ್ತೆ ದಾಟುವಾಗ ಕೈ ಹಿಡಿಯಬೇಕೆಂಬುದು ಮನೆಯ ನಿಯಮ. ಅವಳು ಹಿಡಿದಳು, ಆಚೆ ದಡ ಮುಟ್ಟಿದ ಕೂಡಲೇ ಬಿಟ್ಟಳು.

"ನೀನೇ ಮಲಗಿಸಿದ್ದಾ?"

"ಬಾಸ್ ಹೇಳಿದ್ರು ಪುಟ್ಟೀ. ಬೇಡ ಅಂದೆ ನಾನು. ಅವರು..."

"ಕಣ್ಣು?"

"ಕಣ್ಣು... ನಾನೇ ಹಾಕಿದ್ದು." ಅವನು ಹೆಜ್ಜೆ ನಿಲ್ಲಿಸಿ, ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತ. "ನೋಡು ಕಂದಾ, ಅದು ಇನ್ನೊಂದು ಇಲಿ. ಆಫೀಸಿಗೆ ಅಂತ ಬೇರೆ ಮಾಡಿದ್ದು. ನಮ್ಮ ಚಿಕ್ಕಪ್ಪ ಮನೇಲಿ ಆರಾಮಾಗಿದಾರೆ ಅಲ್ವಾ?"

"ಅವರಿಗೆ ಗೊತ್ತಾ?"

"ಯಾರಿಗೆ?"

"ಚಿಕ್ಕಪ್ಪಂಗೆ."

ಅವನು ಎದ್ದು ಡ್ರಾಯಿಂಗ್ ಹಾಳೆಯ ಸುರುಳಿಯನ್ನು ಕಂಕುಳಿಗೆ ಸೇರಿಸಿಕೊಂಡ. ಮನೆಯವರೆಗೆ ಅವಳು ಅವನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

ಅವಳು ಅತ್ತಿದ್ದರೆ, ಕಾಗದದ ಊರನ್ನೆಲ್ಲ ಕಿತ್ತೆಸೆದಿದ್ದರೆ, ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮಗಳು ಅಂಥದ್ದೇನೂ ಮಾಡಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಹಾಲು ಕುಡಿದಳು, ಹೋಂವರ್ಕು ತೋರಿಸಿದಳು. ಮರುದಿನ ಬೆಳಿಗ್ಗೆ ಕಪಾಟಿನ ಎರಡನೇ ಅಂತಸ್ತು ಖಾಲಿಯಿತ್ತು. "ನನ್ನ ಸೀರೆ ಬೀರುವಿನಲ್ಲಿಟ್ಟಿದಾಳೆ ಇಬ್ಬರನ್ನೂ. ಬೀಗ ಹಾಕು ಅಂದ್ಲು, ಹಾಕಿದೀನಿ," ಎಂದಳು ಹೆಂಡತಿ. ಅವಳ ದನಿಯಲ್ಲಿ ಚುಚ್ಚುವಿಕೆ ಇರಲಿಲ್ಲ. "ಮಕ್ಕಳು ಮರೀತಾರೆ ರೀ," ಎಂದೂ ಸೇರಿಸಿದಳು. ಅವಳಿಗೇ ಅದರಲ್ಲಿ ನಂಬಿಕೆ ಇದ್ದ ಹಾಗೆ ಕಾಣಲಿಲ್ಲ.

ಅವನು ಎಂದಿನಂತೆ ಊಟದ ಮೇಜಿನ ಮೇಲೆ ರಟ್ಟು, ಬ್ಲೇಡು, ಗೋಂದು ಹರಡಿಕೊಂಡು ಕೂತ. ಏನು ಮಾಡಬೇಕೆಂದು ಗೊತ್ತಿರಲಿಲ್ಲ, ಆದರೂ ಕೂತ. ಸ್ವಲ್ಪ ಹೊತ್ತಿಗೆ ಮಗಳು ಹೊಸ ಹಾಳೆಯೊಂದನ್ನೂ ಬಣ್ಣದ ಪೆನ್ಸಿಲ್ಲುಗಳನ್ನೂ ಹಿಡಿದು ಬಂದಳು. ಎದುರಿನ ಕುರ್ಚಿ ಎಳೆದುಕೊಂಡಳು. ಬಂದಳಲ್ಲ ಎಂದು ಅವನ ಎದೆ ಹಗುರಾಯಿತು.

ಅವಳು ಎಡಗೈಯನ್ನು ಹಾಳೆಯ ಸುತ್ತ ಬೇಲಿಯಂತೆ ಬಳಸಿ, ತಲೆ ಪೂರ್ತಿ ಬಗ್ಗಿಸಿ ಬರೆಯತೊಡಗಿದಳು. ಪೆನ್ಸಿಲಿನ ತುದಿ ಅಲ್ಲಾಡುವುದಷ್ಟೇ ಅವನಿಗೆ ಕಾಣುತ್ತಿತ್ತು.

"ಏನು ಬರೀತಿದೀಯ ಪುಟ್ಟೀ?"

"ಏನಿಲ್ಲ."

ಅವನು ರಟ್ಟಿನ ಮೇಲೆ ಒಂದು ಗೆರೆ ಎಳೆದ, ಅಳಿಸಿದ, ಮತ್ತೆ ಅದೇ ಗೆರೆ ಎಳೆದ. ನೀರು ಕುಡಿಯಲೆಂದು ಎದ್ದ. ಅಡುಗೆಮನೆಗೆ ಹೋಗಬೇಕಾದರೆ ಅವಳ ಕುರ್ಚಿಯ ಹಿಂದಿನಿಂದಲೇ ದಾರಿ. ಅವನು ಹತ್ತಿರ ಬರುತ್ತಿದ್ದಂತೆ ಮಗಳು ಬರೆಯುವುದನ್ನು ನಿಲ್ಲಿಸಿ, ಹಾಳೆಯನ್ನು ಮಗುಚಿ ಹಾಕಿ, ಅದರ ಮೇಲೆ ಎರಡೂ ಅಂಗೈ ಊರಿ, ಅವನು ದಾಟಿ ಹೋಗಲೆಂದು ಕಾದು ಕೂತಳು.