ಮೂರನೆಯವನ ಜಾಗ

ಮುಚ್ಚಿಕೊಳ್ಳುತ್ತಿದ್ದ ಲಿಫ್ಟಿನ ಬಾಗಿಲಿಗೆ ಅವಳು ಮೊಣಕೈ ಅಡ್ಡ ಕೊಟ್ಟಳು. ಬಾಗಿಲು ಬಡಿದು, ಬೆಚ್ಚಿದ ಹಾಗೆ ಹಿಂದೆ ಸರಿಯಿತು.

“ನಿಲ್ಲಿಸಿ ಇಳಿಸ್ತೀನಿ ಅಂದ್ರೆ ನಾನು ಒಪ್ಪಲ್ಲ.”

ಒಳಗೆ ಅಳತೆಯ ಟೇಪು ಹಿಡಿದು ನಿಂತಿದ್ದವನು ಶವವಾಹನದ ಮೇಸ್ತ್ರಿ. ಕಪ್ಪು ಕೋಟು, ಮುಖ ನೋಡಿಕೊಳ್ಳಬಹುದಾದಷ್ಟು ಹೊಳೆಯುವ ಬೂಟು. ಲಿಫ್ಟನ್ನು ಅವನು ಅಳೆದದ್ದು ಇದು ಮೂರನೆಯ ಸಲ.

“ಅಮ್ಮಾ, ಪೆಟ್ಟಿಗೆ ಆರೂವರೆ ಅಡಿ. ಲಿಫ್ಟು ನಾಲ್ಕಡಿ. ಮಲಗಿಸಿದ್ರೆ ಹಿಡಿಯಲ್ಲ. ಬಿಗಿಯಾಗಿ ಕಟ್ಟಿ ನಿಲ್ಲಿಸ್ತೀವಿ, ಒಂದೇ ನಿಮಿಷದ ಕೆಲಸ. ಎಲ್ಲರೂ ಹೀಗೇ ಹೋಗೋದು.”

“ಎಲ್ಲರೂ ಹೋಗ್ಲಿ ಬಿಡಿ. ಹದಿನಾಲ್ಕು ವರ್ಷ ಪ್ರತಿ ಭಾನುವಾರ ನನ್ನ ಗಂಡನಿಗೆ ಎದ್ದು ನಿಲ್ಲೋಕಾಗ್ತಿರಲಿಲ್ಲ. ಇವತ್ತೊಂದು ದಿನ ಯಾಕೆ ನಿಲ್ಲಿಸ್ತೀರಿ? ಮಲಗಿಕೊಂಡೇ ಹೋಗ್ಲಿ. ಮೆಟ್ಟಿಲ ಮೇಲೆ ಹೋಗ್ಲಿ.”

ಮೇಸ್ತ್ರಿ ಮೆಟ್ಟಿಲ ಕಡೆ ಇಣುಕಿದ. ಕಿರಿದಾದ, ಕಡಿದಾದ ಮೆಟ್ಟಿಲು. ಪ್ರತಿ ಮಹಡಿಗೂ ಒಂದೊಂದು ತಿರುವು, ಒಂದು ಕಡೆ ಗೋಡೆ, ಇನ್ನೊಂದು ಕಡೆ ಕಬ್ಬಿಣದ ಕಂಬಿ.

“ನಾಲ್ಕು ಮಹಡಿ! ನನ್ನ ಹತ್ರ ಇರೋದು ಇಬ್ಬರು. ಯಾರಮ್ಮಾ ಇಳಿಸ್ತಾರೆ?”

“ಯಾಕೆ, ನಾವು ಸತ್ತಿದ್ದೀವಾ?” ಎಂದು ಮನೆಯ ಒಳಗಿನಿಂದ ಒಂದು ಗಂಟಲು ಕೂಗಿತು. ಕೂಗಿದ ಮೇಲೆ, ಯಾವ ಮನೆಯಲ್ಲಿ ಏನು ಆಡಿದೆ ಎಂದು ಗೊತ್ತಾಗಿ, “ಕ್ಷಮಿಸಿ ಅತ್ತಿಗೆ” ಎಂದಿತು.

ಸತ್ತವನ ಹಳೆಯ ತಂಡದ ಎಂಟು ಜನ ಮುದುಕರು ಸಾಲಾಗಿ ಹೊರಗೆ ಬಂದರು. ಅವರ ಕಿವಿಗಳು ಹಿಸುಕಿ ಎಸೆದ ಕಾಗದದ ಹಾಗಿದ್ದವು, ಮೂಗುಗಳು ಒಂದೊಂದು ದಿಕ್ಕಿಗೆ ತಿರುಗಿದ್ದವು. ಒಬ್ಬನಿಗಾದರೂ ಕತ್ತು ಎಂಬುದು ಇರಲಿಲ್ಲ. ತಲೆ ನೇರವಾಗಿ ಹೆಗಲ ಮೇಲೆ ಕೂತಿತ್ತು. ಕತ್ತಿದ್ದವನು ಕಡೆಯವನೊಬ್ಬನೇ. ಗಿಡ್ಡ, ಸಣಕಲ, ಬಾಯಿ ಮುಚ್ಚದವನು. ಅವನನ್ನು ಎಲ್ಲರೂ ಗಿಳಿ ಎನ್ನುತ್ತಿದ್ದರು. ಕೂಗಿದವನೂ ಅವನೇ.

ಮೇಸ್ತ್ರಿ ಕೈಗಡಿಯಾರ ನೋಡಿದ. “ಹನ್ನೊಂದಕ್ಕೆ ಸ್ಮಶಾನದಲ್ಲಿ ನಮ್ಮ ಸರದಿ. ಈಗ ಹತ್ತೂಕಾಲು. ನೀವೇ ಇಳಿಸಿ. ಆದ್ರೆ ಒಂದೇ ಒಂದು ಸಲ ಪೆಟ್ಟಿಗೆ ಕೈ ತಪ್ಪಿತೋ, ಮಾತಿಲ್ಲ ಕತೆಯಿಲ್ಲ, ನೇರ ಲಿಫ್ಟಿಗೆ. ಆಗಬಹುದಾ ಅಮ್ಮಾ?”

ಅವಳು ಗಿಳಿಯನ್ನು ಬಿಟ್ಟು ಉಳಿದವರ ಏಳು ಜೊತೆ ಮಂಡಿಗಳನ್ನು ನೋಡಿದಳು. ಎರಡು ಜೊತೆ ಮಂಡಿಗಳಿಗೆ ಪಟ್ಟಿ ಸುತ್ತಿತ್ತು.

“ಆಗಬಹುದು” ಎಂದಳು.

•

ಮಗಳು ಚಿಕ್ಕವಳಿದ್ದಾಗ ವಾರದ ಕತೆ ಕೇಳದೆ ಊಟ ಮಾಡುತ್ತಿರಲಿಲ್ಲ. ಅವಳು ಮಗಳಿಗೆ ಹೇಳುತ್ತಿದ್ದಳು:

ಒಂದೂರಲ್ಲಿ ಒಬ್ಬ ರಾಕ್ಷಸ ಇದ್ದನಂತೆ. ಬೆಟ್ಟ ಅಡ್ಡ ಬಂದರೆ ಬೆಟ್ಟವೇ ಸುತ್ತಿ ಹೋಗಬೇಕು, ಅಂಥವನು. ಸೋಮವಾರ ಬಂತು ಅಂದರೆ ಅವನನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಶನಿವಾರ ಮಾಡಿದ ತಪ್ಪನ್ನೆಲ್ಲ ಪರದೆ ಮೇಲೆ ತೋರಿಸುತ್ತಿದ್ದರಂತೆ. ಒಂದೊಂದು ತಪ್ಪೂ ಏಳೇಳು ಸಲ! ಆಮೇಲೆ ಐಸು ತುಂಬಿದ ತೊಟ್ಟಿಯಲ್ಲಿ ಗಂಟಲುಮಟ್ಟ ಇಳಿಸುತ್ತಿದ್ದರಂತೆ. ಮಂಗಳವಾರ ಬೆಳಿಗ್ಗೆ ಕಬ್ಬಿಣ ಎತ್ತಬೇಕು, ಮಧ್ಯಾಹ್ನ ಕಬ್ಬಿಣ ತಳ್ಳಬೇಕು. ಗುರುವಾರ ಅವನಂಥ ಎಂಟು ರಾಕ್ಷಸರು ಸೇರಿ ತಲೆ ಸಿಕ್ಕಿಸಿಕೊಂಡು ಕೆಸರಲ್ಲಿ ಗುದ್ದಾಡಬೇಕು. ಶುಕ್ರವಾರ ಏನೂ ಮಾಡಕೂಡದು. ಅದೇ ಎಲ್ಲಕ್ಕಿಂತ ಕಷ್ಟ. ಕೈಗೆ ಕೆಲಸವಿಲ್ಲದೆ ರಾಕ್ಷಸ ಮನೆಯಲ್ಲಿರುವ ಬಟ್ಟೆಗೆಲ್ಲ ಇಸ್ತ್ರಿ ಹಾಕಿ, ಬಟ್ಟೆ ಮುಗಿದ ಮೇಲೆ ಕಾಲೊರಸುವ ಬಟ್ಟೆಗೂ ಹಾಕುತ್ತಿದ್ದನಂತೆ. ಶನಿವಾರ ಯುದ್ಧ. ಭಾನುವಾರ ಚಮಚ ಎತ್ತೋಕೂ ಆಗದೆ ಹೆಂಡತಿ ಕೈಯಿಂದ ತುತ್ತು ತಿನ್ನುತ್ತಿದ್ದನಂತೆ.

“ರಾಕ್ಷಸ ಗೆಲ್ತಿದ್ನಾ?”

“ಒಂದೊಂದ್ಸಲ.”

“ಬುಧವಾರ ಬಿಟ್ಟುಬಿಟ್ಟೆ, ಅಮ್ಮಾ!”

“ಬುಧವಾರ ಅವನಿಗೆ ರಜ. ಆವತ್ತು ಮನುಷ್ಯ ಆಗಿರ್ತಿದ್ದ.”

ಬುಧವಾರ ಅವನು ಸಾಮಾನು ಹೊರುತ್ತಿದ್ದ. ಆಗ ಕಟ್ಟಡಕ್ಕೆ ಲಿಫ್ಟಿರಲಿಲ್ಲ. ಮೂರನೆಯ ಮಹಡಿಯವರ ಫ್ರಿಜ್ಜು, ಮೊದಲನೆಯ ಮಹಡಿಯ ಮೇಷ್ಟರ ಪುಸ್ತಕದ ಬೀರು, ಎಲ್ಲವೂ ಬುಧವಾರಕ್ಕೆ ಕಾಯುತ್ತಿದ್ದವು. ಎರಡನೆಯ ಮಹಡಿಯ ಅಜ್ಜಿ ಸೊಂಟ ಮುರಿದುಕೊಂಡ ವರ್ಷ, ಒಂದು ಬುಧವಾರವನ್ನೂ ತಪ್ಪಿಸದೆ ಆಕೆಯನ್ನು ಎತ್ತಿಕೊಂಡು ಇಳಿದು, ಆಸ್ಪತ್ರೆ ಮುಗಿಸಿ, ಎತ್ತಿಕೊಂಡು ಹತ್ತಿದ್ದ. “ಮೈಗೆ ವಿಶ್ರಾಂತಿ ಬೇಕು ಅಂತಲ್ವಾ ರಜ ಕೊಡೋದು?” ಎಂದು ಅವಳು ಬೈದರೆ, “ಅಜ್ಜಿ ನನ್ನನ್ನ ತಿರುಗಿ ತಳ್ಳಲ್ವಲ್ಲ, ಅದೇ ವಿಶ್ರಾಂತಿ” ಎನ್ನುತ್ತಿದ್ದ.

•

ಸ್ಕ್ರಮ್ ಎಂದರೆ ರಗ್ಬಿ ಆಟದೊಳಗಿನ ಒಂದು ಆಟ. ಎಂಟು ಜನ ಈ ಕಡೆ, ಎಂಟು ಜನ ಆ ಕಡೆ ಬಗ್ಗಿ, ತಲೆಗೆ ತಲೆ ಸಿಕ್ಕಿಸಿ ತಳ್ಳಬೇಕು. ಮುಂದಿನ ಸಾಲಿನಲ್ಲಿ ಮೂವರು. ಬಲತುದಿಯ ಮೂರನೆಯವನ ಮೇಲೆ ಎದುರಿನ ಇಬ್ಬರ ಭಾರ ಬೀಳುತ್ತದೆ. ಉಳಿದವರು ತಳ್ಳುತ್ತಾರೆ, ಅವನು ತಡೆಯುತ್ತಾನೆ. ಪೆಟ್ಟಿಗೆಯಲ್ಲಿ ಮಲಗಿದ್ದವನು ಹದಿನಾಲ್ಕು ವರ್ಷ ಮೂರನೆಯವನಾಗಿದ್ದ. ಕಂಬ ಎಂದೇ ಅವನನ್ನು ಕರೆಯುತ್ತಿದ್ದರು. ಅಷ್ಟೂ ವರ್ಷಗಳಲ್ಲಿ ಅವನು ಅಂಕ ಗಳಿಸಿದ್ದು ಒಂದೇ ಸಲ. ಅದೂ ಬಿದ್ದವರ ರಾಶಿಯಡಿಯಲ್ಲಿ ಚೆಂಡು ತಾನಾಗಿ ಬಂದು ಅವನ ಹೊಟ್ಟೆಗೆ ಸಿಕ್ಕಿಕೊಂಡದ್ದರಿಂದ. ಒಮ್ಮೆ ದೇಶದ ತಂಡಕ್ಕೆ ಮೂವತ್ತು ಜನರನ್ನು ಆರಿಸಿದಾಗ ಇವನ ಹೆಸರು ಮೂವತ್ತೊಂದನೆಯದಾಗಿತ್ತು. ಆಟ ಮುಗಿಸಿದ ಮೇಲೆ ಅದೇ ಮೈದಾನದ ಹುಲ್ಲು ನೋಡಿಕೊಳ್ಳುವ ಕೆಲಸ ಹಿಡಿದ. ಮೊನ್ನೆ ಭಾನುವಾರ, ಅರವತ್ತೊಂದನೆಯ ವಯಸ್ಸಿನಲ್ಲಿ, ಕುರ್ಚಿಯಲ್ಲಿ ಕೂತಲ್ಲೇ ಅವನ ಎದೆಬಡಿತ ನಿಂತಿತು.

“ಮೂವರು ಮೇಲೆ ನಿಂತು ಪೆಟ್ಟಿಗೆಗೆ ಕಟ್ಟಿರೋ ಪಟ್ಟಿ ಹಿಡ್ಕೊಳ್ಳಿ, ಸ್ವಲ್ಪ ಸ್ವಲ್ಪ ಬಿಡ್ತಾ ಬನ್ನಿ. ಮಿಕ್ಕವರು ಕೆಳಗಡೆ” ಎಂದು ಗಿಳಿ ಆಜ್ಞೆ ಕೊಡತೊಡಗಿದ. ಅವನ ಕೆನ್ನೆ ಕೆಂಪಾಗಿತ್ತು. ಮೂವತ್ತು ವರ್ಷದಿಂದ ಅವನ ಮಾತಿಗೆ ಇಷ್ಟು ತೂಕದ ಜನ ಓಗೊಟ್ಟಿರಲಿಲ್ಲ. “ಎಮ್ಮೆ, ನೀನು ಎಡಕ್ಕೆ. ಕೊಕ್ಕೆ, ಮಧ್ಯಕ್ಕೆ. ಹಿಂದೆ ಇಬ್ಬರು ಅವರ ಸೊಂಟ ಹಿಡೀರಿ. ಪೆಟ್ಟಿಗೆಗೆ ಹೆಗಲು ಕೊಟ್ಟು ಹಿಂದೆ ಹಿಂದೆ ನಡೀಬೇಕು. ತಿಳೀತಾ? ಹಿಂದಕ್ಕೆ!”

“ಬಲಗಡೆಗೆ ಯಾರು?” ಎಂದ ಎಮ್ಮೆ.

ಎಲ್ಲರೂ ಒಂದೊಂದು ಹೆಜ್ಜೆ ಎಡಕ್ಕೆ ಸರಿದರು.

“ಅದು ಅವನ ಜಾಗ ಕಣೋ” ಎಂದ ಕೊಕ್ಕೆ ಮೆಲ್ಲಗೆ. “ನಾನಂತೂ ನಿಲ್ಲಲ್ಲ.”

ಬಲಗಡೆ ಖಾಲಿ ಬಿಟ್ಟೇ ಹೊರಟರು. ಮಗಳು ಮುಂದೆ ಓಡುತ್ತ ಮನೆಮನೆಯ ಗಂಟೆ ಒತ್ತಿ, “ಸ್ವಲ್ಪ ಬಾಗಿಲು ಹಾಕ್ಕೊಳ್ಳಿ, ಅಪ್ಪ ಬರ್ತಿದ್ದಾರೆ!” ಎಂದು ಕೂಗಿದಳು. ಕೇಳಿದವರೆಲ್ಲ ಬಾಗಿಲು ತೆಗೆದು ಹೊರಗೆ ಬಂದು ನಿಂತರು.

ಮೊದಲ ಹತ್ತು ಮೆಟ್ಟಿಲು ಸಲೀಸಾಗಿ ಸರಿದವು. ಮೂರನೆಯ ಮಹಡಿಯ ತಿರುವಿನಲ್ಲಿ ಪೆಟ್ಟಿಗೆ ಬಲಕ್ಕೆ ಎಳೆಯತೊಡಗಿತು. ಕಬ್ಬಿಣದ ಕಂಬಿಗೆ ತಾಗಿ ಕಿರ್ ಎಂದಿತು. ಹಿಂದೆ ಹಿಂದೆ ಬರುತ್ತಿದ್ದ ಮೇಸ್ತ್ರಿ “ಹಾಂ, ಹಾಂ!” ಎಂದ. ಗಿಳಿಗೆ ಗಾಬರಿಯಾಯಿತು. ಗಾಬರಿಯಲ್ಲಿ ನಾಲಿಗೆ ಸ್ಕ್ರಮ್ಮಿಗೆ ಕೂಗು ಕೊಡುತ್ತಿದ್ದ ಹಳೆಯ ದಾರಿ ಹಿಡಿಯಿತು.

“ಬಗ್ಗು!” ಎಂದ. “ಹಿಡಿ!” ಎಂದ. “ನುಗ್ಗು!”

ಆ ಮೂರನೆಯ ಮಾತು ಕಿವಿಗೆ ಬಿದ್ದದ್ದೇ ತಡ, ಕೆಳಗಿನ ನಾಲ್ವರಿಗೂ ಇಪ್ಪತ್ತೈದು ವಯಸ್ಸಾಗಿಬಿಟ್ಟಿತು. ನಾಲ್ಕು ಬೆನ್ನು ಒಟ್ಟಿಗೆ ಚಪ್ಪಟೆಯಾದವು, ಎಂಟು ಕಾಲು ಒಟ್ಟಿಗೆ ಚಿಮ್ಮಿದವು. ಪೆಟ್ಟಿಗೆ ಬಾಣದ ಹಾಗೆ ಮೇಲಕ್ಕೆ ಹಾರಿತು. ಮೇಲೆ ಪಟ್ಟಿ ಹಿಡಿದಿದ್ದ ಮೂವರೂ ಸಾಲಾಗಿ, ನೆಂಟರ ಮನೆಯ ಸೋಫಾದಲ್ಲಿ ಕೂತ ಹಾಗೆ, ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಮೂರನೆಯ ಮಹಡಿಯವರ ಸೈಕಲ್ಲು ದಡಾರನೆ ಬಿತ್ತು.

“ಐದು ಮೆಟ್ಟಿಲು!” ಎಂದು ಎಮ್ಮೆ ಉಬ್ಬಸದ ನಡುವೆ ಕೇಕೆ ಹಾಕಿದ. “ಐದು ಮೆಟ್ಟಿಲು ಹಿಂದಕ್ಕೆ ತಳ್ಳಿದ್ವಿ ನೋಡ್ರೋ!”

“ಯಾರನ್ನ ಹಿಂದಕ್ಕೆ ತಳ್ಳಿದ್ಯೋ, ದರಿದ್ರದವನೇ? ಅವನನ್ನೇ!” ಎಂದು ಕೊಕ್ಕೆ ಬೈದ.

ಮೊದಲು ನಕ್ಕವಳು ಅವಳು. ಕೈಯಿಂದ ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ. ಮೂರು ದಿನದಿಂದ ತಡೆದಿಟ್ಟದ್ದು ನಗುವಾಗಿ ಕಿತ್ತುಕೊಂಡು ಬಂತು. ಮೂರನೆಯ ಮಹಡಿಯವರೂ ನಕ್ಕರು. ಮೇಸ್ತ್ರಿ ಒಬ್ಬನೇ ನಗಲಿಲ್ಲ.

“ಆಯ್ತಲ್ಲ? ಕೈ ತಪ್ಪಿತು. ಲಿಫ್ಟಿಗೆ ನಡೀರಿ.”

“ಸ್ವಾಮಿ, ಕೆಳಗೆ ಬಿದ್ರೆ ತಾನೇ ತಪ್ಪಿದ್ದು?” ಎಂದು ಗಿಳಿ ಅಡ್ಡ ನಿಂತ. “ಇದು ಮೇಲಕ್ಕೆ ಹೋಗಿದೆ. ಮೇಲಕ್ಕೆ ಹೋದದ್ದನ್ನ ಬಿತ್ತು ಅಂತ ಯಾರಾದ್ರೂ ಅಂತಾರಾ? ನೀವೇ ಹೇಳಿ.”

“ನಾನು ಹೇಳೋದು ಇಷ್ಟೇ. ಬಲಗಡೆ ಆಸರೆ ಇಲ್ಲ. ಇನ್ನೊಂದು ತಿರುವಿನಲ್ಲಿ ಪೆಟ್ಟಿಗೆ ಕಂಬಿ ದಾಟಿ ಕೆಳಗೆ ಹೋಗುತ್ತೆ.”

ಅದು ಸುಳ್ಳಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಮುದುಕರು ನೆಲ ನೋಡಿದರು. ನಗು ಆರಿಹೋಯಿತು.

ಅವಳು ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. ಗೋಡೆಗೂ ಪೆಟ್ಟಿಗೆಗೂ ನಡುವೆ ಒಂದು ಗೇಣು ಜಾಗವಿತ್ತು. ಉಸಿರು ಒಳಗೆಳೆದು, ಓರೆಯಾಗಿ ನುಸುಳಿ ಕೆಳಗೆ ಬಂದು, ಕೊಕ್ಕೆಯ ಬಲಗಡೆ ಬಗ್ಗಿ ಹೆಗಲು ಕೊಟ್ಟಳು.

“ಅತ್ತಿಗೆ, ಏನು ಹುಡುಗಾಟ ಇದು? ನಿಮಗಾಗಲ್ಲ, ಏಳಿ” ಎಂದ ಕೊಕ್ಕೆ.

“ನಿನಗೇನು ಗೊತ್ತು ನನಗೆ ಆಗುತ್ತೋ ಇಲ್ವೋ” ಎಂದಳು. “ಕೈ ಕೊಡು. ಹೇಗೆ ಹಿಡ್ಕೊಳ್ಳೋದು ನಿನ್ನನ್ನ?”

•

ಅವನು ಆಡುತ್ತಿದ್ದ ವರ್ಷಗಳಲ್ಲಿ ಹಗಲೆಲ್ಲ ಅವಳು ಕನ್ನಡಕದ ಅಂಗಡಿಯಲ್ಲಿ ಕೂತು, ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಚಿಮಟದಲ್ಲಿ ಹಿಡಿದು ಕೂರಿಸುತ್ತಿದ್ದಳು. ಸಂಜೆ ಮನೆಗೆ ಬಂದರೆ ಅವನು ಅಡುಗೆಮನೆಯ ಮುಂದಿನ ಓಣಿಯಂಥ ಜಾಗದಲ್ಲಿ ಮಂಡಿಯೂರಿ ಕಾಯುತ್ತಿದ್ದ. ದಪ್ಪ ಟವೆಲನ್ನು ಅವನ ಹಣೆಗೆ ಸುತ್ತಿ ಅವಳು ಎಳೆಯಬೇಕು. ಅವನು ತಲೆ ಕದಲಿಸಬಾರದು. ನಾಲ್ಕು ದಿಕ್ಕಿಗೂ ಹತ್ತು ಹತ್ತು ಎಣಿಕೆ. ಅದು ಕತ್ತಿನ ಅಭ್ಯಾಸ.

ಅದಾದ ಮೇಲೆ ಹೆಗಲು. ಅವಳು ಗೋಡೆಗೆ ಕಾಲು ಕೊಟ್ಟು ಬಗ್ಗಿ ನಿಂತರೆ, ಅವನು ತನ್ನ ಹೆಗಲನ್ನು ಅವಳ ಹೆಗಲಿಗೆ ಇಟ್ಟು ಭಾರ ಬಿಡುತ್ತ ಬರುತ್ತಿದ್ದ. ಗಾಜಿನ ಲೋಟಕ್ಕೆ ನೀರು ತುಂಬಿಸುವಷ್ಟು ಮೆತ್ತಗೆ.

“ಸಾಕಾ?”

“ಬಾ.”

“ಈಗ?”

“ಬಾ ಅಂದ್ನಲ್ಲ.”

“ಮುರಿದುಹೋಗ್ತೀಯ ಕಣೆ.”

“ಮುರಿದ್ರೆ ಇಸ್ತ್ರಿ ಹಾಕು, ಶುಕ್ರವಾರ ಹೇಗೂ ಬಿಡುವಾಗಿರ್ತೀಯ. ಬಾ.”

ಹತ್ತು ಎಣಿಸುವವರೆಗೆ ಅವಳು ತಡೆದರೆ ಅವತ್ತಿನ ಪಾತ್ರೆ ಅವನ ಪಾಲಿಗೆ. ಹದಿನಾಲ್ಕು ವರ್ಷದಲ್ಲಿ ಅವನು ಬಹಳ ಪಾತ್ರೆ ತೊಳೆದಿದ್ದ.

•

“ಗಿಳಿ, ಇನ್ನು ಆ ಮೂರನೇ ಮಾತು ಎತ್ತಬೇಡ” ಎಂದಳು. ಅವಳ ಕೆನ್ನೆ ಪೆಟ್ಟಿಗೆಯ ಮರಕ್ಕೆ ಒತ್ತಿತ್ತು. “ನಾನು ಹೇಳ್ತೀನಿ. ಬಗ್ಗು. ಹಿಡಿ. ಬಾ.”

ಪೆಟ್ಟಿಗೆ ಒಂದು ಮೆಟ್ಟಿಲು ಇಳಿಯಿತು.

“ಬಾ.”

ಇನ್ನೊಂದು. ಐವರು ಹಿಂದೆ ಹಿಂದೆ, ಹತ್ತು ಕಾಲಿನ ಒಂದೇ ಪ್ರಾಣಿಯ ಹಾಗೆ ಇಳಿಯುತ್ತಿದ್ದರು. ಪ್ರತಿ ಮಾತಿಗೂ ಪೆಟ್ಟಿಗೆ, ಕರೆದವರ ದನಿಯ ಗುರುತು ಹಿಡಿದು, ಒಂದೊಂದೇ ಮೆಟ್ಟಿಲು ಅವಳ ಕಡೆಗೆ ಬರುತ್ತಿತ್ತು. ತಿರುವಿನಲ್ಲಿ ಕಂಬಿಯ ಮೇಲೆತ್ತಿ ತಿರುಗಿಸಿದಾಗ ಬಲಗಡೆ ಕದಲಲಿಲ್ಲ.

ಎರಡನೆಯ ಮಹಡಿಯಲ್ಲಿ ಅಜ್ಜಿ ಊರುಗೋಲು ಹಿಡಿದು ನಿಂತಿದ್ದಳು. “ಮೆಲ್ಲಗೆ ಕಣ್ರಪ್ಪಾ. ಆ ಹುಡುಗ ಒಂದು ವರ್ಷ ನನ್ನನ್ನ ಎತ್ತಿದ್ದಾನೆ. ಒಂದು ಸಲವಾದ್ರೂ ಗೋಡೆಗೆ ತಾಗಿಸಿದ್ರೆ ಕೇಳಿ.”

“ತಾಗಿಸಲ್ಲಜ್ಜಿ” ಎಂದ ಕೊಕ್ಕೆ. ಅವನ ಬೆವರು ಅವಳ ತೋಳಿನ ಮೇಲೆ ತೊಟ್ಟಿಕ್ಕುತ್ತಿತ್ತು.

“ಹತ್ತೂ ಮೂವತ್ತೆಂಟು!” ಎಂದು ಮೇಲಿನಿಂದ ಮೇಸ್ತ್ರಿ ಕೂಗಿದ. ಈಗ ಅವನ ದನಿಯಲ್ಲೂ ಏನೋ ಏರುತ್ತಿತ್ತು. “ಎಡಕ್ಕೆ ಒಂದಿಷ್ಟು! ಹಾಂ, ಬನ್ನಿ ಬನ್ನಿ!”

ಮೊದಲನೆಯ ಮಹಡಿಗೆ ಇನ್ನು ನಾಲ್ಕು ಮೆಟ್ಟಿಲು ಇರುವಾಗ ಎಡಗಡೆಯಿಂದ ಟಕ್ ಎಂಬ ಸದ್ದು ಬಂತು.

“ನನ್ನ ಮಂಡಿ!” ಎಂದು ಎಮ್ಮೆ ಕುಸಿದ.

“ಯಾವುದೋ? ಸ್ಟೀಲಿಂದಾ?”

“ಸ್ಟೀಲಿಂದು ಗಟ್ಟಿಯಾಗಿದೆ! ನಮ್ಮಮ್ಮ ಕೊಟ್ಟಿದ್ದೇ ಕೈಕೊಡ್ತು!”

ಪೆಟ್ಟಿಗೆಯ ಭಾರ ಒಮ್ಮೆಗೇ ಬಲಕ್ಕೆ ವಾಲಿತು. ಮೇಲಿನವರ ಕೈಯಲ್ಲಿ ಪಟ್ಟಿ ಜಾರಿತು. ಅವಳು ಪಾದವನ್ನು ಹಿಂದಿನ ಗೋಡೆಗೆ ಒತ್ತಿದಳು. ಭಾರ ಬಂತು. ಅದು ಅವಳಿಗೆ ಅಪರಿಚಿತವಾಗಿರಲಿಲ್ಲ. ಹೆಗಲ ಅದೇ ಗುಳಿಗೆ, ಅದೇ ಓರೆಯಲ್ಲಿ ಬಂದು ಕೂತಿತು. ಈ ಸಲ ಅದು ಸಾಕಾ ಎಂದು ಕೇಳಲಿಲ್ಲ. ಕಣ್ಣು ಮುಚ್ಚಿ ಎಣಿಸಿದಳು. ನಾಲ್ಕು. ಐದು. ಹಿಂದಿನವನು ಮುಂದೆ ಬಂದು ಎಮ್ಮೆಯ ಜಾಗಕ್ಕೆ ತೂರಿಕೊಂಡ. ಎಂಟು. ಪಟ್ಟಿ ಬಿಗಿಯಾಯಿತು. ಒಂಬತ್ತು.

“ಅತ್ತಿಗೆ, ಸಿಕ್ತು! ಹಿಡಿದಿದ್ದೀವಿ!”

“ಹತ್ತು” ಎಂದಳು. “ಬಾ.”

ಮೇಷ್ಟರ ಮನೆಯ ಬಾಗಿಲು, ಅಂಚೆ ಡಬ್ಬಗಳ ಸಾಲು, ಕೆಳಗಿನ ಬಾಗಿಲ ಹೊಸ್ತಿಲು, ಕಣ್ಣು ಕುಕ್ಕುವ ಬಿಸಿಲು. ಕಟ್ಟಡಕ್ಕೆ ಕಟ್ಟಡವೇ ಹಿಂದೆ ಇಳಿದು ಬಂದಿತ್ತು. ಎಮ್ಮೆ ಒಂಟಿಕಾಲಲ್ಲಿ ಕುಂಟುತ್ತ ಬಂದು, ಕೊನೆಯ ನಾಲ್ಕು ಹೆಜ್ಜೆಗೆ ಒಂದು ಬೆರಳಾದರೂ ಸೇರಲಿ ಎಂದು ಪೆಟ್ಟಿಗೆಗೆ ಕೈ ತಾಗಿಸಿದ. ಮೇಲಿನ ಮೂವರೂ ಬಂದು ಸೇರಿದರು. ಪೆಟ್ಟಿಗೆ ಗಾಡಿಯೊಳಗೆ ಜಾರಿತು, ಮಲಗಿದಂತೆಯೇ. ಗಂಟೆ ಹತ್ತೂ ಐವತ್ತು.

“ಹೋಯ್!” ಎಂದು ಗಿಳಿ ಎರಡೂ ಕೈ ಮೇಲೆತ್ತಿದ. ಆಮೇಲೆ ಆ ಕೈಗಳನ್ನು ಏನು ಮಾಡಬೇಕೋ ತಿಳಿಯದೆ ತಲೆಯ ಮೇಲಿಟ್ಟುಕೊಂಡ.

ಗಾಡಿಯ ಬಾಗಿಲು ಮುಚ್ಚಿತು. ಏಳು ಮುದುಕರೂ ಅವಳೂ ಸೇರಿ ಎಂಟು ಜನ ಮಾತ್ರ ನೆಟ್ಟಗಾಗಲಿಲ್ಲ. ರಸ್ತೆಯ ನಡುವೆ ಬಗ್ಗಿ, ಒಬ್ಬರ ಬೆನ್ನ ಮೇಲೆ ಒಬ್ಬರ ತೋಳು, ತಲೆಗಳೆಲ್ಲ ಒಳಗೆ. ಯಾರು ಮೊದಲು ಕೈ ಬಿಡಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ. ಒಂದು ಬಸ್ಸು ಬಂದು ನಿಂತಿತು. ಅದರ ಹಿಂದೆ ಇನ್ನೊಂದು. ಯಾರೂ ಹಾರನ್ ಹೊಡೆಯಲಿಲ್ಲ.

ಕಟ್ಟಡದ ಬಾಗಿಲಿನಿಂದ ಮೇಸ್ತ್ರಿ ಓಡುತ್ತ ಬಂದ. ಅವನ ಕೈಯಲ್ಲಿ ಹೆಂಗಸರ ಒಂದು ಚಪ್ಪಲಿಯಿತ್ತು, ಪಟ್ಟಿ ಕಿತ್ತದ್ದು. ಅವನು ಆ ಗುಂಪಿನ ಸುತ್ತ ಒಂದು ಸುತ್ತು ಬಂದ. ಆಮೇಲೆ ಕಪ್ಪು ಕೋಟಿನ ತುದಿ ಎತ್ತಿ ಹಿಡಿದು, ಧೂಳಿನಲ್ಲಿ ಮಂಡಿಯೂರಿ, ಹದಿನಾರು ಕಾಲುಗಳ ನಡುವೆ ಬರಿಗಾಲು ಯಾವುದೆಂದು ಬಗ್ಗಿ ಹುಡುಕತೊಡಗಿದ.