ಆಶ್‌ಗ್ರೇವ್ ಮನೆತನಕ್ಕೆ ಎಳ್ಳುನೀರು

೨೦೨೦ರ ಸೆಪ್ಟೆಂಬರ್ ೧೭, ಗುರುವಾರ, ಬೆಳಿಗ್ಗೆ ಏಳು ಗಂಟೆ. ಡಚ್ ಊರಾದ ಹಾರ್ಲೆಮ್‌ನ ಬಾಡಿಗೆ ಮನೆಯ ಹಿತ್ತಿಲಲ್ಲಿ ನರಹರಿ ಒಂದು ಇಂಗ್ಲಿಷ್ ಮನೆತನಕ್ಕೆ ತರ್ಪಣ ಬಿಟ್ಟ.

ಅಂದು ಮಹಾಲಯ ಅಮಾವಾಸ್ಯೆ. ಮೈಸೂರಿನ ಪುರೋಹಿತರು ವಿಡಿಯೊದಲ್ಲಿ ಮಂತ್ರ ಹೇಳಿಸುತ್ತಿದ್ದರು. ನರಹರಿಯ ತಂದೆ, ತಾತಂದಿರಿಗೆ ಆಗಿತ್ತು. "ಇನ್ನು ದಿಕ್ಕಿಲ್ಲದವರಿಗೆ" ಎಂದರು.

ನರಹರಿಗೆ ಮಹಡಿಯಲ್ಲಿದ್ದ ಮನೆ ಒಡತಿ ಈವ್ಲಿನ್ ಆಶ್‌ಗ್ರೇವ್ ನೆನಪಾದಳು. ಕೋವಿಡ್ ತಗುಲಿ ಆಸ್ಪತ್ರೆಯಲ್ಲಿದ್ದಳು. ಆಕೆಯ ಪೂರ್ವಜರು ಇಂಗ್ಲೆಂಡಿನ ನಾರ್ಫಕ್‌ನ ಬ್ಯಾರನ್‌ಗಳು, ಜಹಗೀರುದಾರರು. ದೊರೆಯ ಎದುರು ನಿಂತು ಸೋತು ಹಾರ್ಲೆಮ್‌ಗೆ ಓಡಿಬಂದಿದ್ದರು. ಎರಡು ಸಲ ಗಂಡು ಸಂತಾನ ನಿಂತುಹೋಗಿತ್ತು. ಎರಡು ಸಲವೂ ಹೊರಗಿನವನೊಬ್ಬ ಆಸ್ತಿಯೊಂದಿಗೆ ಹೆಸರನ್ನೂ ತೆಗೆದುಕೊಂಡ. ರಕ್ತ ಬದಲಾಯಿತು, ಹೆಸರು ಉಳಿಯಿತು. ಈಗ ಉಳಿದವಳು ಈವ್ಲಿನ್ ಒಬ್ಬಳೇ.

ಮಾರ್ಚ್‌ನಲ್ಲಿ ಅವಳು ನರಹರಿಯನ್ನು ಕೇಳಿದ್ದಳು: "ಮನೆ ನಿನಗೇ ಬರೆಯುತ್ತೇನೆ. ನಮ್ಮ ಹೆಸರು ಇಟ್ಟುಕೊ."

"ನಮ್ಮಪ್ಪನಿಗೆ ನಾನೊಬ್ಬನೇ ಮಗ. ನಾನು ನಿಮ್ಮವನಾದರೆ ಅವರಿಗೆ ನೀರು ಬಿಡುವವರು ಯಾರು?" ಎಂದು ನರಹರಿ ಒಪ್ಪಿರಲಿಲ್ಲ.

ಈಗ ಮರುಕ ಬಂತು. ಮೆಟ್ಟಿಲ ಗೋಡೆಯ ಚಿತ್ರಗಳ ಕೆಳಗೆ ಓದಿದ್ದ ಹೆಸರುಗಳನ್ನು ಹೇಳುತ್ತ ಎಳ್ಳುನೀರು ಬಿಟ್ಟ. ಹ್ಯೂ ಆಶ್‌ಗ್ರೇವ್. ಎಡ್ಮಂಡ್ ಆಶ್‌ಗ್ರೇವ್.

"ಅವರಿಗ್ಯಾಕ್ರೀ?" ಹೆಂಡತಿ ಮಾನಸ ಬಾಗಿಲಲ್ಲಿ ನಿಂತಿದ್ದಳು. "ಹೆಸರು ಹಿಡಿದು ನೀರು ಬಿಟ್ಟೋನೇ ಮಗ ಅಂತಾರೆ ನಿಮ್ಮಮ್ಮ."

"ಪಾಪ ಕಣೇ. ಬ್ಯಾರನ್‌ಗೆ ಎಳ್ಳು ಸೇರಲ್ಲ ಅಂದ್ರೆ ಬಿಯರ್ ಕೊಡೋಣ."

ವಾರದ ನಂತರ ಈವ್ಲಿನ್ ಮನೆಗೆ ಬಂದಳು. ಮಾಸ್ಕ್ ಹಾಕಿಕೊಂಡು, ಮೆಟ್ಟಿಲ ಮೇಲೆ ದೂರದಲ್ಲೇ ಕುಳಿತು ಮಾತಾಡಿದಳು.

"ಹೋದ ಗುರುವಾರ ಬೆಳಿಗ್ಗೆ ನನ್ನ ವಾರ್ಡ್‌ಗೆ ನಮ್ಮವರೆಲ್ಲ ಬಂದಿದ್ದರು."

"ಭೇಟಿಗೆ ಯಾರನ್ನೂ ಬಿಡ್ತಿರಲಿಲ್ಲವಲ್ಲ?"

"ಬಿಡ್ತಿರಲಿಲ್ಲ. ಎಲ್ಲರ ಗಲ್ಲದಿಂದಲೂ ನೀರು ಇಳಿಯುತ್ತಿತ್ತು. ಹಲ್ಲಿಗೆ ಸಣ್ಣ ಕಪ್ಪು ಬೀಜಗಳು ಅಂಟಿದ್ದವು. ಯಾರು ಕೊಟ್ಟರು ಅಂದೆ. ನಮ್ಮ ಹುಡುಗ ಅಂದರು."

ತರ್ಪಣದ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಅಕ್ಟೋಬರ್‌ನಲ್ಲಿ ನರಹರಿ ಮನೆ ಖಾಲಿ ಮಾಡಿ ದ ಹೇಗ್‌ಗೆ ಹೋದ. ಚಳಿಗಾಲದಲ್ಲಿ ಈವ್ಲಿನ್ ತೀರಿಕೊಂಡಳು.

ಮರುವರ್ಷದ ಮಹಾಲಯದಂದು ಪುರೋಹಿತರು ಮತ್ತೆ ವಿಡಿಯೊದಲ್ಲಿ ಬಂದರು. "ತಂದೆಯ ಹೆಸರು ಹೇಳಿ."

"ಹ್ಯೂ ಆಶ್‌ಗ್ರೇವ್" ಎಂದ ನರಹರಿ.

"ತಂದೆಯವರದು ಸ್ವಾಮಿ."

ನರಹರಿ ಬೊಗಸೆಯ ನೀರು ನೋಡುತ್ತ ಮತ್ತೆ ಅದನ್ನೇ ಹೇಳಿದ. ಬೇರೆ ಹೆಸರು ಬಾಯಿಗೆ ಬರಲಿಲ್ಲ. ಮಾನಸ ಕ್ಯಾಮೆರಾ ಆಫ್ ಮಾಡಿದಳು.

ಆ ವರ್ಷ ಅವನ ತಂದೆ ದಿವಾಕರರಾಯರಿಗೆ ಯಾರೂ ನೀರು ಬಿಡಲಿಲ್ಲ.